ಕಂಬಳಿಯ ಕಿಡಿಯೂ ಕೂಲಂಬನ ತಕ್ಕಡಿಯೂ

ನಮ್ಮ ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬರೆದುಕೊಡಬೇಕೆಂದು ಗುರುಗಳು ಕೇಳಿದರು. ಮಧುಗಿರಿಯ ಕೋಟೆ, ಶಿರಾದ ಸುಬೇದಾರರು, ಪಾವಗಡದ ಪಾಳೆಯಗಾರರ ವಿಚಾರ ಬಲ್ಲ ಹಿರಿಯರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು. ಆದ್ದರಿಂದ ರಾಜರ ಇತಿಹಾಸವನ್ನು ಅವರಿಗೇ ಬಿಟ್ಟು, ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ನಾವೆಲ್ಲ ನಾಲ್ಕು ಪುಟದಲ್ಲಿ ಓದಿ ಮುಗಿಸಿದ ಒಂದು ಪಾಠದ ಇತಿಹಾಸವನ್ನು ಆರಿಸಿಕೊಂಡೆ. ಆ ಪಾಠ ವಿದ್ಯುದಾವೇಶದ್ದು. ಈ ಇತಿಹಾಸ ನಡೆದದ್ದು ಹೆಚ್ಚಾಗಿ ಯೂರೋಪಿನಲ್ಲಿ. ಆದರೆ ಅದಕ್ಕೆ ಬಳಕೆಯಾದ ಸಾಮಾನು ಒಂದೊಂದೂ ನಮ್ಮ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಇದ್ದದ್ದೇ: ಉಣ್ಣೆ, ರೇಷ್ಮೆ, ಅರಗು, ಬೆಂಡು, ಹುಲ್ಲುಕಡ್ಡಿ.

ಮೊದಲು ಕಂಬಳಿಯ ಮಾತು. ಮಧುಗಿರಿ, ಶಿರಾ, ಪಾವಗಡ ಕುರಿ ಸಾಕುವವರ ಸೀಮೆ. ಹುಣಸೆ ಬೀಜದ ಸರಿ ಬಳಿದು ಒರಟಾಗಿಸಿದ ಕರಿ ಕಂಬಳಿ ಇಲ್ಲದ ಮನೆ ಒಂದು ಕಾಲದಲ್ಲಿ ಇರಲಿಲ್ಲ. ಮಾಗಿಯ ಚಳಿಯಲ್ಲಿ, ಗಾಳಿ ಒಣಗಿರುವಾಗ, ಕತ್ತಲಲ್ಲಿ ಕಂಬಳಿಯನ್ನು ಸರ್ರನೆ ಎಳೆದರೆ ಚಿಟಚಿಟ ಸದ್ದಾಗಿ ಸಣ್ಣ ನೀಲಿ ಕಿಡಿಗಳು ಹಾರುತ್ತವೆ. ಟೆರ್ಲಿನ್ ಅಂಗಿ ತೊಟ್ಟಿದ್ದರಂತೂ ಹೇಳುವುದೇ ಬೇಡ. ಇದನ್ನು ನೋಡದ ಹುಡುಗ ನಮ್ಮ ಕಡೆ ಇರಲಾರ. ಹತ್ತಿರ ಹತ್ತಿರ 500ರಿಂದ 700 ಮಿ.ಮೀ. ಮಳೆ ಬೀಳುವ ಈ ಒಣ ನಾಡು ಬೇಸಾಯಕ್ಕೆ ಕಷ್ಟ, ಸ್ಥಿರ ವಿದ್ಯುತ್ತಿನ ಪ್ರಯೋಗಕ್ಕೆ ಮಾತ್ರ ಬಲು ಅನುಕೂಲ. ಗಾಳಿಯಲ್ಲಿ ತೇವವಿದ್ದರೆ ವಸ್ತುಗಳ ಮೈಮೇಲೆ ನೀರಿನ ತೆಳು ಪೊರೆ ಕೂತು ಆವೇಶ ಹರಿದುಹೋಗುತ್ತದೆ, ಒಣಗಿದ್ದರೆ ನಿಲ್ಲುತ್ತದೆ. ಕರಾವಳಿಯ ಶಾಲೆಗಳಲ್ಲಿ ಮಳೆಗಾಲದಲ್ಲಿ ಕೈಕೊಡುವ ಪ್ರಯೋಗ ಇಲ್ಲಿ ವರ್ಷದ ಬಹುಪಾಲು ನಡೆಯುತ್ತದೆ.

ಒಂದು ಮಿಲಿಮೀಟರ್ ಗಾಳಿಯನ್ನು ಸೀಳಿ ಕಿಡಿ ಹಾರಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಅಂದರೆ ನಮ್ಮ ಕಂಬಳಿ ಹೊದ್ದವರು ಗೊತ್ತಿಲ್ಲದೆಯೇ ಸಾವಿರಾರು ವೋಲ್ಟುಗಳ ನಡುವೆ ಮಲಗಿದ್ದರು. 230 ವೋಲ್ಟಿನ ಮನೆ ಕರೆಂಟು ಪ್ರಾಣ ತೆಗೆಯುವಾಗ ಕಂಬಳಿ ಏಕೆ ತೆಗೆಯುವುದಿಲ್ಲ? ಕಂಬಳಿಯಲ್ಲಿ ಕೂಡಿದ ಆವೇಶ ಅತ್ಯಲ್ಪ, ಒಂದು ಚಿಟಿಕೆಯಲ್ಲಿ ಖರ್ಚಾಗಿಬಿಡುತ್ತದೆ. ಮನೆಯ ಕರೆಂಟು ಹಾಗಲ್ಲ, ಹಿಡಿದವನನ್ನು ಬಿಡದೆ ಹರಿಯುತ್ತಲೇ ಇರುತ್ತದೆ.

ಉಜ್ಜಿದ ವಸ್ತು ಹಗುರವಾದದ್ದನ್ನು ಸೆಳೆಯುತ್ತದೆ ಎಂಬುದು ಬಹಳ ಹಳೆಯ ತಿಳಿವಳಿಕೆ. ಗ್ರೀಕರು ಅದನ್ನು ಕಂಡದ್ದು ಅಂಬರಿನಲ್ಲಿ, ಅಂದರೆ ಕಲ್ಲಾದ ಮರದ ಅಂಟಿನಲ್ಲಿ. ಅವರು ಅದಕ್ಕೆ ಎಲೆಕ್ಟ್ರಾನ್ ಎನ್ನುತ್ತಿದ್ದರು. ಎಲೆಕ್ಟ್ರಿಸಿಟಿ ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ನಮ್ಮಲ್ಲೂ ಸಂಸ್ಕೃತದಲ್ಲಿ ಅದರ ಹೆಸರು ತೃಣಮಣಿ, ಹುಲ್ಲನ್ನು ಸೆಳೆಯುವ ಮಣಿ. ಪಾರ್ಸಿಯಲ್ಲಿ ಕಾಹ್‌ರುಬಾ, ಹುಲ್ಲು ಕದಿಯುವಂಥದ್ದು. 1687ರಿಂದ ಎಪ್ಪತ್ತು ವರ್ಷ ಶಿರಾ ಮೊಗಲರ ಸುಬೆಯ ರಾಜಧಾನಿಯಾಗಿತ್ತು, ಅಲ್ಲಿಯ ಆಡಳಿತದ ಭಾಷೆ ಪಾರ್ಸಿ. ಹೀಗೆ ಗುಣ ಹೇಳುವ ಹೆಸರು ಎರಡೂ ಕಡೆಯಿಂದ ನಮ್ಮ ಹತ್ತಿರಕ್ಕೆ ಬಂದಿತ್ತು. ಕಾರಣ ಮಾತ್ರ ಗೊತ್ತಿರಲಿಲ್ಲ. ಸೂಜಿ ಅಯಸ್ಕಾಂತದ ಕಡೆ ಸರಿಯುವುದಕ್ಕೆ ನಮ್ಮ ವೈಶೇಷಿಕ ದರ್ಶನ ಕೊಟ್ಟ ಕಾರಣ ‘ಅದೃಷ್ಟ’, ಕಣ್ಣಿಗೆ ಕಾಣದ್ದು. ಗೊತ್ತಿಲ್ಲದ್ದಕ್ಕೆ ಮರ್ಯಾದೆಯ ಹೆಸರು ಎಂದು ನನ್ನ ಅಭಿಪ್ರಾಯ. ಯೂರೋಪಿನಲ್ಲೂ 1600ರವರೆಗೆ ಇದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಸಿಕ್ಕ ಅದೇ ವರ್ಷ ಎಲಿಜಬೆತ್ ರಾಣಿಯ ವೈದ್ಯ ವಿಲಿಯಂ ಗಿಲ್ಬರ್ಟ್ ಒಂದು ಪುಸ್ತಕ ಪ್ರಕಟಿಸಿ, ಅಂಬರಿನಂತೆಯೇ ಗಾಜು, ಗಂಧಕ, ಅರಗು ಮೊದಲಾದವೂ ಉಜ್ಜಿದರೆ ಸೆಳೆಯುತ್ತವೆಂದೂ ಅಯಸ್ಕಾಂತದ ಸೆಳೆತವೇ ಬೇರೆಯೆಂದೂ ತೋರಿಸಿದ.

ಮುಂದಿನ ಹೆಜ್ಜೆಯಲ್ಲಿ ರೇಷ್ಮೆ ಬರುತ್ತದೆ. ಸ್ಟೀಫನ್ ಗ್ರೇ ಎಂಬಾತ ಬಟ್ಟೆಗೆ ಬಣ್ಣ ಹಾಕುವ ಮನೆತನದವನು, ಬಡವ. 1729ರಲ್ಲಿ ಅವನು ತನ್ನ ಸ್ನೇಹಿತನೊಡನೆ ಸೆಣಬಿನ ದಾರದ ಉದ್ದಕ್ಕೂ ವಿದ್ಯುತ್ತನ್ನು ಎಷ್ಟು ದೂರ ಕಳಿಸಬಹುದೆಂದು ನೋಡುತ್ತಿದ್ದ. ದಾರವನ್ನು ಎತ್ತಿ ಹಿಡಿಯಲು ರೇಷ್ಮೆ ಎಳೆಗಳನ್ನು ಕಟ್ಟಿದ್ದರು. ಭಾರಕ್ಕೆ ರೇಷ್ಮೆ ಕಿತ್ತುಹೋಯಿತು. ಅದರ ಬದಲು ಹಿತ್ತಾಳೆ ತಂತಿ ಕಟ್ಟಿದರು. ವಿದ್ಯುತ್ ತುದಿ ತಲುಪಲೇ ಇಲ್ಲ, ನಡುವೆಯೇ ಸೋರಿಹೋಯಿತು. ಮತ್ತೆ ರೇಷ್ಮೆ ಕಟ್ಟಿದಾಗ 700 ಅಡಿಗೂ ಮೀರಿ ಹೋಯಿತು. ವಾಹಕ, ಅವಾಹಕ ಎಂದು ನಾವು ಬಾಯಿಪಾಠ ಮಾಡಿದ ಎರಡು ಪದಗಳ ಹಿಂದೆ ಇರುವುದು ಕಿತ್ತುಹೋದ ಒಂದು ರೇಷ್ಮೆ ಎಳೆ. ಮರುವರ್ಷ ಗ್ರೇ ಎಂಟೊಂಬತ್ತು ವರ್ಷದ ಹುಡುಗನೊಬ್ಬನನ್ನು ಗಟ್ಟಿ ಹಗ್ಗಗಳಲ್ಲಿ ಅಡ್ಡಲಾಗಿ ತೂಗುಹಾಕಿ, ಉಜ್ಜಿದ ಗಾಜಿನ ಕೊಳವೆಯನ್ನು ಅವನ ಕಾಲ ಬಳಿ ಹಿಡಿದ. ಹಿತ್ತಾಳೆಯ ರೇಕಿನ ಚೂರುಗಳು ಹುಡುಗನ ಮುಖದತ್ತ ಹಾರಿದವು. ಈಗಿನ ಪೋಷಕರು ಬಿಡುತ್ತಿರಲಿಲ್ಲ.

1733ರಲ್ಲಿ ಫ್ರಾನ್ಸಿನ ಡು ಫೇ, ಗಾಜಿನಲ್ಲಿ ಹುಟ್ಟುವ ವಿದ್ಯುತ್ತೂ ಅರಗಿನಲ್ಲಿ ಹುಟ್ಟುವ ವಿದ್ಯುತ್ತೂ ಬೇರೆ ಎಂದು ಕಂಡುಕೊಂಡ. ಒಂದೇ ಬಗೆಯವು ದೂರ ತಳ್ಳುತ್ತವೆ, ಬೇರೆ ಬಗೆಯವು ಸೆಳೆಯುತ್ತವೆ. ಇಲ್ಲಿ ನಮ್ಮ ಭಾಷೆಯ ಬಗ್ಗೆ ಒಂದು ಮಾತು. ಕನ್ನಡದ ಪಠ್ಯಪುಸ್ತಕ ಇದಕ್ಕೆ ‘ಆವೇಶ’ ಎಂಬ ಪದ ಬಳಸುತ್ತದೆ. ಊರ ಜಾತ್ರೆಯಲ್ಲಿ ಮೈಮೇಲೆ ದೇವರು ಬರುವುದಕ್ಕೂ ನಮ್ಮಲ್ಲಿ ಆವೇಶವೇ. ಹಾಗಾಗಿ ‘ಬಾಚಣಿಗೆಗೆ ಆವೇಶ ಬಂತು’ ಎಂದು ತರಗತಿಯಲ್ಲಿ ಹೇಳಿದರೆ ಹಿಂದಿನ ಬೆಂಚಿನಲ್ಲಿ ನಗು. ನನಗೆ ಆ ಪದ ಇಷ್ಟ. ಕಣ್ಣಿಗೆ ಮೊದಲಿನಂತೆಯೇ ಕಾಣುವ ವಸ್ತುವಿನೊಳಗೆ ಏನೋ ಒಂದು ಹೊಕ್ಕು ಅದರ ನಡತೆ ಬದಲಾಯಿತು ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ.

ಇನ್ನೊಂದು ಜೋಡಿ ಪದ ಇದಕ್ಕಿಂತ ಚೆಂದ: ಧನ ಮತ್ತು ಋಣ. 1747ರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, ವಿದ್ಯುತ್ತು ಎರಡಿಲ್ಲ, ಒಂದೇ. ಅದು ಹೆಚ್ಚಾದರೆ ಪ್ಲಸ್, ಕಡಿಮೆಯಾದರೆ ಮೈನಸ್ ಎಂದು ಬರೆದ. ಅವನು ಮುದ್ರಣಾಲಯ, ಅಂಗಡಿ ನಡೆಸಿದ ವ್ಯವಹಾರಸ್ಥ. ಲೆಕ್ಕದ ಪುಸ್ತಕದ ಬುದ್ಧಿ ಅದು. ನಮ್ಮಲ್ಲಿ ಕ್ರಿ.ಶ. 628ರಷ್ಟು ಹಿಂದೆಯೇ ಬ್ರಹ್ಮಗುಪ್ತ ಸೊನ್ನೆಗಿಂತ ಹೆಚ್ಚಿನ ಸಂಖ್ಯೆಗೆ ಧನ, ಕಡಿಮೆಯದಕ್ಕೆ ಋಣ ಎಂದು ಹೆಸರಿಟ್ಟು ಕೂಡಿಸಿ ಕಳೆಯುವ ನಿಯಮ ಹೇಳಿದ್ದ. ಫ್ರಾಂಕ್ಲಿನ್ನನ ಮಾತನ್ನು ನಮ್ಮವರಿಗೆ ಹೇಳಬೇಕಾದರೆ ಮಾರವಾಡಿ ಅಂಗಡಿ ಸಾಕು: ಒಬ್ಬನ ಕೈಸಾಲ ಇನ್ನೊಬ್ಬನ ಜಮೆ, ಊರಲ್ಲಿರುವ ಒಟ್ಟು ಹಣ ಬದಲಾಗುವುದಿಲ್ಲ. ಉಣ್ಣೆಯಿಂದ ಬಾಚಣಿಗೆ ಉಜ್ಜಿದಾಗ ಬಾಚಣಿಗೆ ಎಷ್ಟು ಋಣವಾಯಿತೋ ಉಣ್ಣೆ ಅಷ್ಟೇ ಧನ. ಹೊಸದಾಗಿ ಹುಟ್ಟಿದ್ದು ಏನೂ ಇಲ್ಲ.

ಆದರೆ ಯಾವುದು ಪ್ಲಸ್, ಯಾವುದು ಮೈನಸ್ ಎಂಬುದನ್ನು ಅವನು ಊಹಿಸಿದ್ದಷ್ಟೇ. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದಾಗ, ಒಂದು ವಸ್ತುವಿನಿಂದ ಇನ್ನೊಂದಕ್ಕೆ ಓಡಾಡುವುದು ಋಣ ಆವೇಶದ ಕಣವೇ ಎಂದು ಗೊತ್ತಾಯಿತು. ಅಷ್ಟು ಹೊತ್ತಿಗೆ ಪುಸ್ತಕಗಳೆಲ್ಲ ಅಚ್ಚಾಗಿಬಿಟ್ಟಿದ್ದವು. ಕರೆಂಟು ಧನದಿಂದ ಋಣಕ್ಕೆ, ಎಲೆಕ್ಟ್ರಾನು ಋಣದಿಂದ ಧನಕ್ಕೆ ಎಂದು ಇವತ್ತಿಗೂ ಮಕ್ಕಳು ತಲೆ ಕೆರೆದುಕೊಳ್ಳುವುದಕ್ಕೆ ಇದೇ ಕಾರಣ.

ಈಗ ಕೂಲಂಬ್. ಪಾಠದಲ್ಲಿ ಅವನ ಹೆಸರು ಒಂದು ಸೂತ್ರಕ್ಕೆ ಅಂಟಿಕೊಂಡಿದೆ, ಮನುಷ್ಯ ಕಾಣುವುದಿಲ್ಲ. ಷಾರ್ಲ್ ಅಗಸ್ಟೀನ್ ಕೂಲಂಬ್ 1736ರಲ್ಲಿ ಹುಟ್ಟಿದ ಫ್ರೆಂಚ್ ಸೇನೆಯ ಇಂಜಿನಿಯರ್. ಕೆಲಸ, ಕೋಟೆ ಕಟ್ಟುವುದು. ಇಂಜಿನಿಯರಿಂಗ್ ಶಾಲೆಯಿಂದ ಅವನು ಹೊರಬಂದದ್ದು 1761ರಲ್ಲಿ, ಹೈದರಾಲಿ ಶಿರಾವನ್ನು ಗೆದ್ದ ವರ್ಷ. 1764ರಿಂದ 1772ರವರೆಗೆ ಅವನು ಕೆರಿಬಿಯನ್ ಕಡಲಿನ ಮಾರ್ಟಿನೀಕ್ ದ್ವೀಪದಲ್ಲಿ ಕೋಟೆ ಕಟ್ಟಿಸಿದ, ಅಲ್ಲಿಯೇ ಆರೋಗ್ಯವನ್ನೂ ಕಳೆದುಕೊಂಡ. ಅದೇ ವರ್ಷಗಳಲ್ಲಿ ನಮ್ಮ ಕೋಟೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು. 1766ರಲ್ಲಿ ಶಿರಾ ಮರಾಠರ ಪಾಲಾಯಿತು. ಹೈದರಾಲಿ ಮಧುಗಿರಿ ಬೆಟ್ಟದಲ್ಲಿ ಸೆರೆಯಿಟ್ಟಿದ್ದ ಕೆಳದಿಯ ರಾಣಿ ವೀರಮ್ಮಾಜಿಯನ್ನು 1767ರಲ್ಲಿ ಮರಾಠರು ಬಿಡಿಸಿದರು. ಆ 1767ರಲ್ಲೇ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಆವೇಶಗಳ ನಡುವಿನ ಬಲ ಗುರುತ್ವದ ಹಾಗೆ ದೂರದ ವರ್ಗಕ್ಕೆ ತಕ್ಕಂತೆ ಇಳಿಯಬಹುದು ಎಂದು ಊಹಿಸಿ ಪುಸ್ತಕದಲ್ಲಿ ಬರೆದ. ಅದು ಊಹೆಯಾಗಿಯೇ ಉಳಿಯಿತು, ಅಳೆಯಬೇಕಾಗಿತ್ತು.

ಅಳೆದವನು ಕೋಟೆ ಕಟ್ಟಿದವನೇ. ತೊಲೆ ಎಷ್ಟು ಬಾಗುತ್ತದೆ, ಮಣ್ಣು ಎಷ್ಟು ನೂಕುತ್ತದೆ ಎಂದು ಲೆಕ್ಕ ಹಾಕಿ ಅಭ್ಯಾಸವಾಗಿದ್ದವನು ತಂತಿಯೊಂದನ್ನು ತಿರುಚಿದರೆ ಅದು ಎಷ್ಟು ಬಲದಿಂದ ಮರಳುತ್ತದೆ ಎಂದು ಅಳೆಯುವುದನ್ನು ಕಲಿತ. 1785ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಅವನು ಒಪ್ಪಿಸಿದ ತಕ್ಕಡಿ ಹೀಗಿತ್ತು: ಗಾಜಿನ ದೊಡ್ಡ ಜಾಡಿ. ಮೇಲಿನಿಂದ ಕೂದಲಿಗಿಂತ ತೆಳುವಾದ ಬೆಳ್ಳಿ ತಂತಿ ಇಳಿಬಿಟ್ಟಿದೆ. ತಂತಿಯ ತುದಿಯಲ್ಲಿ ಅರಗು ಬಳಿದ ಒಂದು ಕಡ್ಡಿ ಅಡ್ಡಲಾಗಿ ತೂಗುತ್ತಿದೆ. ಕಡ್ಡಿಯ ಕೊನೆಗೆ ಬೆಂಡಿನ ಪುಟ್ಟ ಗುಂಡು. ನಮ್ಮ ಹುಡುಗರು ಜೋಳದ ದಂಟಿನ ಬೆಂಡಿನಲ್ಲಿ ಗಾಡಿ ಮಾಡಿ ಆಡುತ್ತಾರಲ್ಲ, ಆ ಜಾತಿಯ ಹಗುರ ವಸ್ತು. ಪಕ್ಕದಲ್ಲಿ ಅಲುಗದಂತೆ ನಿಲ್ಲಿಸಿದ ಇನ್ನೊಂದು ಬೆಂಡಿನ ಗುಂಡು. ಎರಡನ್ನೂ ಮುಟ್ಟಿಸಿ ಒಂದೇ ಬಗೆಯ ಆವೇಶ ಕೊಟ್ಟಾಗ ತೂಗುವ ಗುಂಡು ದೂರ ಸರಿದು 36 ಡಿಗ್ರಿಯಲ್ಲಿ ನಿಂತಿತು. ತಂತಿಗೆ ಬಿದ್ದ ತಿರುಚು 36. ಮೇಲಿನ ಗುಬುಟನ್ನು 126 ಡಿಗ್ರಿ ತಿರುಗಿಸಿ ಗುಂಡುಗಳನ್ನು ಹತ್ತಿರಕ್ಕೆ ನೂಕಿದ. ಅಂತರ 18 ಡಿಗ್ರಿಗೆ ಇಳಿಯಿತು. ಈಗ ಒಟ್ಟು ತಿರುಚು 126 ಮತ್ತು 18 ಕೂಡಿ 144. ದೂರ ಅರ್ಧ, ಬಲ ನಾಲ್ಕು ಪಟ್ಟು. ಗುಬುಟನ್ನು 567ರವರೆಗೆ ತಿರುಗಿಸಿದಾಗ ಅಂತರ ಎಂಟೂವರೆ, ಒಟ್ಟು ತಿರುಚು 575.5. ಮತ್ತೆ ದೂರ ಹೆಚ್ಚು ಕಡಿಮೆ ಅರ್ಧ, ಬಲ ಮತ್ತೆ ನಾಲ್ಕು ಪಟ್ಟು.

ಈ ಮೂರು ಅಂಕಿಗಳೇ ಕೂಲಂಬನ ನಿಯಮಕ್ಕೆ ಆಧಾರ. ದೂರ ಇಮ್ಮಡಿಯಾದರೆ ಬಲ ನಾಲ್ಕರಲ್ಲೊಂದು, ಮುಮ್ಮಡಿಯಾದರೆ ಒಂಬತ್ತರಲ್ಲೊಂದು. ಇದನ್ನು ನಾನು ಬಿ.ಇ. ಓದುವಾಗ ಮೊದಲ ಸಲ ಅಂಕಿಗಳೊಡನೆ ನೋಡಿದೆ. ಹೈಸ್ಕೂಲಿನ ಮಕ್ಕಳಿಗೂ ಸೂತ್ರದ ಜೊತೆ ಈ 36, 144, 575.5 ಕೊಡಬೇಕು. ಕಡೆಯದು 576 ಆಗಿರದೆ 575.5 ಆಗಿರುವುದರಲ್ಲೇ ಅಳೆದವನ ಪ್ರಾಮಾಣಿಕತೆ ಕಾಣುತ್ತದೆ.

1788ರ ಆಗಸ್ಟಿನಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಆಗ ಶಿರಾ, ಮಧುಗಿರಿ ಟಿಪ್ಪುವಿನ ರಾಜ್ಯ. ಅವರು ಕೇಳಿದ್ದು ಸೈನ್ಯದ ನೆರವು, ಕುಶಲಕರ್ಮಿಗಳು. ಕೂಲಂಬ್ ಆಗ ಅದೇ ಪ್ಯಾರಿಸ್ಸಿನಲ್ಲಿ ವಿದ್ಯುತ್ತಿನ ಮೇಲಿನ ತನ್ನ ಪ್ರಬಂಧಗಳನ್ನು ಒಂದೊಂದಾಗಿ ಬರೆಯುತ್ತಿದ್ದ. ಯುದ್ಧ ತಲೆಯ ಮೇಲಿದ್ದಾಗ ಫಿರಂಗಿ ಬಿಟ್ಟು ಬೆಂಡಿನ ಗುಂಡಿನ ತಕ್ಕಡಿ ಕೇಳುವವರು ಯಾರು? ಅವರನ್ನು ದೂರುವಂತಿಲ್ಲ. ಆದರೂ ಆ ತಕ್ಕಡಿ ನಮ್ಮ ಶಾಲೆಗಳ ಪಾಠಕ್ಕೆ ಬರಲು ಹಿಡಿದ ಕಾಲವನ್ನು ನೆನೆದರೆ ಹೊಟ್ಟೆ ಚುರ್ರೆನ್ನುತ್ತದೆ.

ಈ ಬಲ ಎಷ್ಟು ದೊಡ್ಡದು? 1881ರಲ್ಲಿ ಆವೇಶದ ಅಳತೆಗೆ ಕೂಲಂಬನ ಹೆಸರನ್ನೇ ಇಟ್ಟರು. ಒಂದೊಂದು ಕೂಲಂಬ್ ಆವೇಶದ ಎರಡು ಗುಂಡುಗಳನ್ನು ಒಂದು ಮೀಟರ್ ದೂರದಲ್ಲಿ ಇಟ್ಟರೆ ಅವು ಸುಮಾರು 900 ಕೋಟಿ ನ್ಯೂಟನ್ ಬಲದಿಂದ ತಳ್ಳಾಡುತ್ತವೆ. ತೂಕದ ಲೆಕ್ಕದಲ್ಲಿ 9 ಲಕ್ಷ ಟನ್. ಒಂದು ಕೂಲಂಬ್ ಎಂದರೆ 62,400 ಕೋಟಿ ಕೋಟಿ ಎಲೆಕ್ಟ್ರಾನುಗಳ ಆವೇಶ. ಇಷ್ಟು ಬಲವಿದ್ದೂ ನಮಗೆ ಅದು ಗೊತ್ತಾಗದಿರುವುದಕ್ಕೆ ಕಾರಣ ಧನ, ಋಣಗಳು ಪ್ರತಿ ವಸ್ತುವಿನಲ್ಲೂ ಸರಿಸಮ ಬೆರೆತು ಲೆಕ್ಕ ಚುಕ್ತಾ ಆಗಿರುವುದು. ಮಧುಗಿರಿಯ ಏಕಶಿಲೆಯ ಕಣಕಣವನ್ನೂ ಬಿಗಿಹಿಡಿದಿರುವುದು ಈ ವಿದ್ಯುತ್ ಬಲವೇ. ಕಡಲೆಕಾಯಿಯ ಕೆಂಪು ಸಿಪ್ಪೆಯ ಮೇಲೆ ಉಜ್ಜಿದ ಬಾಚಣಿಗೆ ಹಿಡಿದರೆ, ಇಡೀ ಭೂಮಿ ಕೆಳಗೆ ಎಳೆಯುತ್ತಿದ್ದರೂ ಸಿಪ್ಪೆ ಮೇಲಕ್ಕೆ ಹಾರುತ್ತದೆ. ಸಿಪ್ಪೆಗೆ ತನ್ನದೇ ಆವೇಶ ಇಲ್ಲ. ಬಾಚಣಿಗೆ ಹತ್ತಿರ ಬಂದಾಗ ಸಿಪ್ಪೆಯೊಳಗಿನ ಋಣ ಸ್ವಲ್ಪ ಹಿಂದೆ ಸರಿದು, ಧನ ಮುಂದಕ್ಕೆ ಉಳಿಯುತ್ತದೆ. ಹತ್ತಿರದ್ದರ ಸೆಳೆತ ದೂರದ್ದರ ತಳ್ಳಾಟಕ್ಕಿಂತ ಹೆಚ್ಚು. ಕೂಲಂಬನ ನಿಯಮ ಅಲ್ಲಿಯೇ ಕೆಲಸ ಮಾಡುತ್ತಿದೆ.

ಇದೇ ಆಟ ಆಕಾಶದಲ್ಲಿ ನಡೆದಾಗ ಸಿಡಿಲು. ಮೋಡದೊಳಗೆ ಹಿಮದ ಹರಳುಗಳೂ ಮೆದು ಆಲಿಕಲ್ಲುಗಳೂ ಒಂದಕ್ಕೊಂದು ಉಜ್ಜಿ, ಮೋಡದ ತಳ ಹೆಚ್ಚಾಗಿ ಋಣವಾಗುತ್ತದೆ. ಕೆಳಗಿನ ನೆಲ, ಮರ, ಮನುಷ್ಯ ಆಗ ಸಿಪ್ಪೆಯ ಸ್ಥಾನದಲ್ಲಿ ಇರುತ್ತಾರೆ. ಧನ ಆವೇಶ ತುದಿಗಳಿಗೆ ಏರುತ್ತದೆ. 1752ರ ಮೇ 10ರಂದು ಫ್ರಾಂಕ್ಲಿನ್ನನ ಸಲಹೆಯಂತೆ ಫ್ರಾನ್ಸಿನ ಮಾರ್ಲಿ ಎಂಬ ಹಳ್ಳಿಯಲ್ಲಿ ಕಬ್ಬಿಣದ ಎತ್ತರದ ಸಲಾಕೆ ನಿಲ್ಲಿಸಿ ಮೋಡದಿಂದ ಕಿಡಿ ಇಳಿಸಿದರು. ಮರುವರ್ಷ ರಷ್ಯದಲ್ಲಿ ರಿಖ್‌ಮನ್ ಎಂಬ ಪ್ರಾಧ್ಯಾಪಕ ಅಂಥದೇ ಪ್ರಯೋಗದಲ್ಲಿ ಸಿಡಿಲು ಬಡಿದು ತೀರಿಕೊಂಡ. ಯೂರೋಪಿನಲ್ಲಿ ಆ ಕಾಲಕ್ಕೆ ಸಿಡಿಲು ಓಡಿಸಲು ಚರ್ಚಿನ ಗಂಟೆ ಬಾರಿಸುತ್ತಿದ್ದರು. 33 ವರ್ಷಗಳಲ್ಲಿ 386 ಚರ್ಚ್ ಗೋಪುರಗಳಿಗೆ ಸಿಡಿಲು ಬಡಿದು 103 ಮಂದಿ ಗಂಟೆ ಬಾರಿಸುವವರು ಸತ್ತರೆಂದು 1784ರಲ್ಲಿ ಮ್ಯೂನಿಕ್ಕಿನಲ್ಲಿ ಅಚ್ಚಾದ ಪುಸ್ತಕ ಹೇಳುತ್ತದೆ. ನಮ್ಮ ಅಜ್ಜಿಯರು ಗುಡುಗಿದಾಗ ಅರ್ಜುನನ ಹೆಸರುಗಳನ್ನು ಹೇಳಿಸುತ್ತಿದ್ದರು. ಅದರಿಂದ ಯಾರಿಗೂ ಅಪಾಯವಿಲ್ಲ, ಮಕ್ಕಳಿಗೆ ಧೈರ್ಯವೂ ಬರುತ್ತದೆ. ಮನೆಯೊಳಗೆ ಕೂತು ಹೇಳಿದರೆ ಆಯಿತು.

ಅಪಾಯ ಇರುವುದು ಹೊಲದಲ್ಲಿ. ದೇಶದಲ್ಲಿ ವರ್ಷಕ್ಕೆ 2,500ಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಾರೆ. ಬಹುಪಾಲು ಹಳ್ಳಿಯವರು, ಹೊಲದಲ್ಲಿ ಇದ್ದವರು, ದನ ಕುರಿ ಮೇಯಿಸುತ್ತಿದ್ದವರು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಬಂದಾಗ ನಮ್ಮ ಕುರಿಗಾಹಿಗಳು ಕಂಬಳಿ ಕೊಪ್ಪೆ ಹಾಕಿಕೊಂಡು ನಿಲ್ಲುವುದು ಹುಣಸೆ ಮರದ ಕೆಳಗೆ. ಬಯಲಿನಲ್ಲಿ ಅತಿ ಎತ್ತರದ ತುದಿ ಅದೇ. ಮರಕ್ಕೆ ಬಡಿದ ಸಿಡಿಲು ಪಕ್ಕದವನಿಗೆ ಹಾರುತ್ತದೆ, ಇಲ್ಲವೇ ಬೇರಿನ ಗುಂಟ ಇಳಿದು ನೆಲದಲ್ಲಿ ಹರಡುತ್ತದೆ. ಕುರಿಯ ಮುಂಗಾಲಿಗೂ ಹಿಂಗಾಲಿಗೂ ನಡುವೆ ವೋಲ್ಟೇಜಿನ ವ್ಯತ್ಯಾಸ ಹುಟ್ಟಿ ಕರೆಂಟು ಎದೆಯ ಮೂಲಕವೇ ಹಾಯುತ್ತದೆ. ಒಂದೇ ಏಟಿಗೆ ಇಡೀ ಮಂದೆ ಬಿದ್ದಿರುವುದನ್ನು ಕಂಡವರು ಊರಲ್ಲಿದ್ದಾರೆ. ಒಂದು ಕುರಿಗೂ ಸಿಡಿಲು ನೇರ ಬಡಿದಿರಬೇಕಾಗಿಲ್ಲ.

ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಗುಡುಗು ಕೇಳಿಸಿತೆಂದರೆ ನೀವು ಅದರ ವ್ಯಾಪ್ತಿಯಲ್ಲಿದ್ದೀರಿ. ಗಟ್ಟಿ ಕಟ್ಟಡಕ್ಕೆ ಅಥವಾ ಬಾಗಿಲು ಮುಚ್ಚಿದ ಬಸ್ಸು, ಕಾರಿಗೆ ಹೋಗಬೇಕು. ಕಡೆಯ ಗುಡುಗಿನ ಬಳಿಕ ಅರ್ಧ ಗಂಟೆ ಅಲ್ಲೇ ಇರಬೇಕು. ಏನೂ ಸಿಗದಿದ್ದರೆ ಮರದಿಂದ ದೂರ, ತಗ್ಗಿನಲ್ಲಿ, ಎರಡು ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರುವುದು, ಮಲಗಬಾರದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ ‘ಸಿಡಿಲು’ ಎಂಬ ಮೊಬೈಲ್ ಆಪ್ ಇದೆ. ಹಬ್ಬಕ್ಕೆ ಊರಿಗೆ ಬಂದಾಗ ಅಪ್ಪ ಅಮ್ಮನ ಫೋನಿಗೆ ಅದನ್ನು ಹಾಕಿಕೊಟ್ಟು ಹೋಗಿ. ದೇವಸ್ಥಾನದ ಕಲಶವೇ ಊರಿಗೆ ಸಿಡಿಲು ತಡೆಯುತ್ತದೆ ಎಂಬ ವಾಟ್ಸಾಪ್ ಸಂದೇಶವನ್ನು ಮಾತ್ರ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಕಲಶದಿಂದ ದಪ್ಪ ತಾಮ್ರದ ಪಟ್ಟಿ ಇಳಿದು ನೆಲದಲ್ಲಿ ಅರ್ಥಿಂಗ್ ಆಗಿದ್ದರೆ ಅದು ಆ ಕಟ್ಟಡವನ್ನು ಕಾಯುತ್ತದೆ, ಇಲ್ಲದಿದ್ದರೆ ಕಾಯುವುದಿಲ್ಲ.

ಆವೇಶದಿಂದ ಹೊಟ್ಟೆಪಾಡು ನಡೆಸುವವರೂ ನಮ್ಮಲ್ಲಿದ್ದಾರೆ. ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿ ಯಾರಿಗೆ ಗೊತ್ತಿಲ್ಲ! 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯದಲ್ಲಿ ಚೆಸ್ಟರ್ ಕಾರ್ಲ್‌ಸನ್ ಗಂಧಕ ಬಳಿದ ಸತುವಿನ ತಗಡನ್ನು ಹತ್ತಿಯ ಕರವಸ್ತ್ರದಿಂದ ಉಜ್ಜಿ, ಬೆಳಕು ಬಿಟ್ಟು, ಪುಡಿ ಉದುರಿಸಿ ಮೊದಲ ಪ್ರತಿ ತೆಗೆದ. ಬೆಳಕು ಬಿದ್ದಲ್ಲಿ ಆವೇಶ ಸೋರುತ್ತದೆ, ಅಕ್ಷರವಿದ್ದಲ್ಲಿ ಉಳಿದು ಕರಿ ಪುಡಿಯನ್ನು ಹಿಡಿಯುತ್ತದೆ. ನಿಮ್ಮ ಪಹಣಿಯ ಪ್ರತಿ ಕೈಗೆ ಬೆಚ್ಚಗೆ ಸಿಗುವುದು ಆ ಪುಡಿಯನ್ನು ಕಾಯಿಸಿ ಅಂಟಿಸಿರುವುದರಿಂದ. ನನ್ನ ಕಸುಬಿನದ್ದೂ ಅಷ್ಟೇ. ಪೆನ್‌ಡ್ರೈವಿನಲ್ಲಿ ಉಳಿಯುವ ಫೋಟೋ, ಪ್ರೋಗ್ರಾಂ ಎಲ್ಲ ಸಿಲಿಕಾನಿನ ಸಣ್ಣ ಕೋಣೆಗಳಲ್ಲಿ ಸಿಕ್ಕಿಹಾಕಿಕೊಂಡ ಎಲೆಕ್ಟ್ರಾನುಗಳು.

ಕಡೆಯದಾಗಿ ಪಾವಗಡ. ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆ. ಉದ್ಘಾಟನೆಯಾದದ್ದು 2018ರ ಮಾರ್ಚಿನಲ್ಲಿ. ಬಿಸಿಲಿಗೆ ಅಲ್ಲಿ ಬರವಿಲ್ಲ. ತೊಂದರೆ ಧೂಳಿನದು. ಒಣ ಗಾಳಿಯ ಧೂಳು ಗಾಜಿಗೆ ಅಂಟಿ ಕೂರುತ್ತದೆ. ಅಂಟಿಸುವ ಬಲಗಳಲ್ಲಿ ಸ್ಥಿರ ವಿದ್ಯುತ್ತೂ ಒಂದು. ಫಲಕ ತೊಳೆಯಲು ನೀರು ಬೇಕು, ಪಾವಗಡದಲ್ಲಿ ಇಲ್ಲದ್ದೇ ಅದು. ಇರುವ ಅಂತರ್ಜಲದಲ್ಲೂ ಫ್ಲೋರೈಡು. ಜಗತ್ತಿನಾದ್ಯಂತ ಸೌರ ಫಲಕ ತೊಳೆಯಲು ಖರ್ಚಾಗುವ ನೀರು 20 ಲಕ್ಷ ಜನರ ಕುಡಿಯುವ ನೀರಿಗೆ ಸಮ ಎಂಬ ಅಂದಾಜಿದೆ.

2022ರಲ್ಲಿ ಅಮೆರಿಕದ ಎಂಐಟಿಯ ಶ್ರೀದತ್ ಪನತ್ ಮತ್ತು ಕೃಪಾ ವಾರಾಣಸಿ ಧೂಳನ್ನು ಆವೇಶದಿಂದಲೇ ಎಬ್ಬಿಸಿ ತೋರಿಸಿದರು. ಗಾಜಿನ ಮೇಲೆ ವಿದ್ಯುತ್ ಹರಿಯುವ, ಬೆಳಕು ತಡೆಯದ ತೆಳು ಲೇಪನ; ಅದರ ಮೇಲೆ ಹಾದುಹೋಗುವ ಒಂದು ಲೋಹದ ಪಟ್ಟಿ. ವೋಲ್ಟೇಜು ಕೊಟ್ಟಾಗ ಧೂಳಿನ ಕಣಕ್ಕೂ ಫಲಕಕ್ಕೂ ಒಂದೇ ಬಗೆಯ ಆವೇಶ ಬಂದು ಧೂಳು ನೆಗೆದು ಹೋಗುತ್ತದೆ. ಬೆಂಡಿನ ಗುಂಡು 36 ಡಿಗ್ರಿ ಸರಿದ ಹಾಗೆಯೇ. ನೀರು ಬೇಡ, ಉಜ್ಜುವುದೂ ಬೇಡ. ಒಂದು ಷರತ್ತಿದೆ: ಮರಳಿನ ಕಣ ಆವೇಶ ಪಡೆಯಲು ಅದರ ಮೈಮೇಲೆ ಸ್ವಲ್ಪ ತೇವ ಬೇಕು. ಗಾಳಿಯ ಆರ್ದ್ರತೆ 30 ಶೇಕಡಕ್ಕಿಂತ ಹೆಚ್ಚಿರಬೇಕು. ಕಂಬಳಿಯ ಕಿಡಿಗೆ ಬೇಡವಾದ ತೇವ ಇಲ್ಲಿ ಬೇಕು!

ನಮ್ಮ ಕಡೆ ಬೇಸಿಗೆಯ ಮಧ್ಯಾಹ್ನ ಗಾಳಿ ಬಹಳ ಒಣಗಿರುತ್ತದೆ, ಬೆಳಗಿನ ಜಾವ ತೇವ ಏರುತ್ತದೆ. ಎಷ್ಟು ಹೊತ್ತಿಗೆ 30 ದಾಟುತ್ತದೆ ಎಂಬುದನ್ನು ಅಳೆಯಲು ಎರಡು ಥರ್ಮಾಮೀಟರು, ಒಂದರ ಬುರುಡೆಗೆ ಒದ್ದೆ ಬಟ್ಟೆ, ಒಂದು ನೋಟ್‌ಬುಕ್ಕು ಸಾಕು. ನಮ್ಮ ಬ್ಯಾಚಿನ ಗೆಳೆಯರು ಸೇರಿ ಶಾಲೆಯ ಪ್ರಯೋಗಾಲಯಕ್ಕೆ ಥರ್ಮಾಮೀಟರುಗಳನ್ನೂ ಒಂದು ಗಾಜಿನ ಜಾಡಿಯನ್ನೂ ಕೊಡುತ್ತಿದ್ದೇವೆ. ಬೆಂಡಿಗೆ ಜೋಳದ ಹೊಲವಿದೆ, ಅರಗು ಅಂಚೆ ಕಚೇರಿಯಲ್ಲಿ ಸಿಗುತ್ತದೆ. ತೆಳುವಾದ ತಂತಿಯನ್ನು ಶಿರಾದ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೇಳಿದ್ದೇನೆ.